ಗೆಳೆಯರೊಡನೆ ಬಾದಾಮಿ ಬನಶಂಕರಿ ಜಾತ್ರೆಗೆ: ವಾರಾಂತ್ಯದ ಪಯಣಕ್ಕೊಂದು ಮಾರ್ಗದರ್ಶಿ

ಪುಷ್ಯ ಮಾಸದ ಹುಣ್ಣಿಮೆಯನ್ನು ಉತ್ತರ ಕರ್ನಾಟಕದವರು ಬನದ ಹುಣ್ಣಿಮೆ ಎನ್ನುತ್ತಾರೆ. ಬಾದಾಮಿ ಪಟ್ಟಣದಿಂದ ಸುಮಾರು 5 ಕಿ.ಮೀ. ದೂರದಲ್ಲಿ, ಚೊಳಚಗುಡ್ಡದ ಪಕ್ಕದಲ್ಲಿರುವ ಬನಶಂಕರಿ ದೇವಸ್ಥಾನದ ಮುಂದೆ ಅಂದು ಸಂಜೆ ತೇರು ಹೊರಡುತ್ತದೆ. ತೇರು ಎಳೆದ ಮೇಲೆ ಜಾತ್ರೆ ಮುಗಿಯಿತೆಂದು ತಿಳಿದು ಅನೇಕರು ಅಂದೇ ರಾತ್ರಿ ಊರ ದಾರಿ ಹಿಡಿಯುತ್ತಾರೆ. ಆದರೆ ಈ ಜಾತ್ರೆ ನಿಜವಾಗಿ ಬಿಚ್ಚಿಕೊಳ್ಳುವುದು ಅದರ ನಂತರವೇ. ಮುಂದಿನ ಮೂರು ನಾಲ್ಕು ವಾರಗಳ ಕಾಲ ಅಂಗಡಿಗಳು, ರೊಟ್ಟಿ ಬುಟ್ಟಿಗಳು, ಮರದ ಬಾಗಿಲುಗಳ ಸಾಲು ಮತ್ತು ನಾಟಕ ಕಂಪನಿಗಳ ತಗಡಿನ ರಂಗಮಂದಿರಗಳು ಅಲ್ಲಿಯೇ ಇರುತ್ತವೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಶನಿವಾರ, ಭಾನುವಾರ ಮಾತ್ರ ಬಿಡುವಿರುವ ನಾಲ್ಕೈದು ಗೆಳೆಯರು ಈ ಜಾತ್ರೆಯನ್ನು ಅವಸರವಿಲ್ಲದೆ, ಅಪಾಯವಿಲ್ಲದೆ, ಅಲ್ಲಿಯ ಜನರಿಗೆ ತೊಂದರೆ ಕೊಡದೆ ನೋಡಿಬರುವುದು ಹೇಗೆ ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲನೆಯದು: ಯಾವ ವಾರಾಂತ್ಯ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಬನದ ಹುಣ್ಣಿಮೆಯ ದಿನಾಂಕ ಪ್ರತಿವರ್ಷ ಬದಲಾಗುತ್ತದೆ. 2024ರಲ್ಲಿ ಅದು ಜನವರಿ 25ರ ಗುರುವಾರ, 2025ರಲ್ಲಿ ಜನವರಿ 13ರ ಸೋಮವಾರ, 2026ರಲ್ಲಿ ಜನವರಿ 3ರ ಶನಿವಾರ ಬಂದಿತ್ತು. ಆದ್ದರಿಂದ ಹೊಸ ಪಂಚಾಂಗ ಅಥವಾ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ಪುಷ್ಯ ಶುದ್ಧ ಹುಣ್ಣಿಮೆ ಯಾವ ವಾರ ಬೀಳುತ್ತದೆ ಎಂದು ನೋಡಿ, ಅಲ್ಲಿಂದ ಲೆಕ್ಕ ಹಾಕಬೇಕು.

ಎರಡು ಬಗೆಯ ಪಯಣ ಸಾಧ್ಯ. ತೇರನ್ನೇ ನೋಡಬೇಕೆಂದರೆ ಹುಣ್ಣಿಮೆಯ ಹಿಂದಿನ ದಿನವೇ ಅಲ್ಲಿರುವುದು ಒಳ್ಳೆಯದು. ಅಂದು ಪಲ್ಯದ ಹಬ್ಬ. ಬರಗಾಲದಲ್ಲಿ ತನ್ನ ದೇಹದಿಂದಲೇ ಕಾಯಿಪಲ್ಲೆ ಬೆಳೆದು ಲೋಕಕ್ಕೆ ಉಣಿಸಿದ ಶಾಕಂಬರಿಯೇ ಬನಶಂಕರಿ ಎಂಬ ನಂಬಿಕೆಯಿಂದ, ಆ ದಿನ ದೇವಿಗೆ 108 ಬಗೆಯ ತರಕಾರಿ ಪದಾರ್ಥಗಳ ನೈವೇದ್ಯ ನಡೆಯುತ್ತದೆ. ಮರುದಿನದ ತೇರಿಗೆ ಬೇಕಾದ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಎತ್ತುಗಳು ಎಳೆಯುವ ಹಳಿಬಂಡಿಯಲ್ಲಿ ಬರುತ್ತದೆ. ಆ ಬಂಡಿ ಬರುವುದನ್ನು ಕಾಯುತ್ತಾ ರಸ್ತೆಯ ಎರಡೂ ಬದಿಯಲ್ಲಿ ನಿಂತ ಜನರನ್ನು ನೋಡಿದರೆ, ತೇರು ಎಂಬುದು ಒಂದು ಊರಿನದಲ್ಲ, ಸುತ್ತಲಿನ ಸೀಮೆಯದೇ ಎಂಬುದು ಗೊತ್ತಾಗುತ್ತದೆ. ಆದರೆ ಆ ಎರಡು ದಿನ ಲಕ್ಷಾಂತರ ಜನ ಸೇರುತ್ತಾರೆ. ಕಾರನ್ನು ದೂರ ನಿಲ್ಲಿಸಿ ನಡೆಯಬೇಕು, ದರ್ಶನಕ್ಕೆ ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲಬೇಕು, ಊಟಕ್ಕೆ ಕೂರಲು ಜಾಗ ಹುಡುಕಬೇಕು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಎರಡನೆಯ ಬಗೆಯದು. ಹುಣ್ಣಿಮೆ ಕಳೆದ ನಂತರದ ಮೊದಲ ಅಥವಾ ಎರಡನೆಯ ವಾರಾಂತ್ಯವನ್ನು ಆರಿಸಿಕೊಳ್ಳಿ. ಆಗ ಜಾತ್ರೆ ಪೂರ್ತಿ ಕಳೆಗಟ್ಟಿರುತ್ತದೆ, ನಾಟಕ ಕಂಪನಿಗಳೆಲ್ಲ ಪ್ರಯೋಗ ನಡೆಸುತ್ತಿರುತ್ತವೆ, ಆದರೂ ಉಸಿರಾಡಲು ಸ್ಥಳವಿರುತ್ತದೆ. ಮೂರನೆಯ ವಾರದ ಹೊತ್ತಿಗೆ ಕೆಲವು ಅಂಗಡಿಗಳು ಕಿತ್ತುಕೊಂಡು ಹೋಗಿರಬಹುದು. ಮಂಗಳವಾರ ಮತ್ತು ಶುಕ್ರವಾರ ದೇವಿಯ ವಾರಗಳಾದ್ದರಿಂದ ದರ್ಶನಕ್ಕೆ ಜನ ಹೆಚ್ಚು. ವಾರಾಂತ್ಯಕ್ಕೆ ಒಂದು ದಿನ ರಜೆ ಸೇರಿಸುವುದಾದರೆ ಸೋಮವಾರವನ್ನು ಸೇರಿಸಿಕೊಳ್ಳಿ. ರಾತ್ರಿ ನಾಟಕ ನೋಡುವ ಪಯಣಕ್ಕೆ ಆ ಒಂದು ದಿನದ ರಜೆ ಬಹಳ ಬೆಲೆಯುಳ್ಳದ್ದು.

ಎರಡನೆಯದು: ಜೊತೆಗಾರರು, ವಾಹನ, ಹಣ

ಒಂದು ಕಾರಿಗೆ ನಾಲ್ಕು ಜನ ಸಾಕು, ಐದು ಜನರಾದರೆ ಹಿಂದಿನ ಸೀಟಿನಲ್ಲಿ ನಡುವೆ ಕುಳಿತವರು ಇಡೀ ದಾರಿ ನಿದ್ದೆ ಮಾಡಲಾರರು. ಅವರಲ್ಲಿ ಕನಿಷ್ಠ ಇಬ್ಬರಿಗಾದರೂ ಹೆದ್ದಾರಿಯಲ್ಲಿ ಕಾರು ಓಡಿಸಿದ ಅನುಭವವಿರಬೇಕು. ಈ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಹೋಗಿಬರುವ ದಾರಿ ಸುಮಾರು 900 ಕಿ.ಮೀ. ಆಗುತ್ತದೆ, ನಡುವೆ ಒಂದು ರಾತ್ರಿಯ ನಿದ್ದೆ ಅರ್ಧಕ್ಕೇ ನಿಂತಿರುತ್ತದೆ. ಒಬ್ಬನೇ ಓಡಿಸುವವನಿದ್ದರೆ ಉಳಿದವರ ಸಂತೋಷಕ್ಕೆ ಅವನು ತನ್ನ ಜಾತ್ರೆಯನ್ನು ಕಳೆದುಕೊಳ್ಳುತ್ತಾನೆ, ಇಲ್ಲವೇ ಎಲ್ಲರನ್ನೂ ಅಪಾಯಕ್ಕೆ ಒಡ್ಡುತ್ತಾನೆ.

ಚಾಲಕರ ಸಮೇತ ಬಾಡಿಗೆ ವಾಹನ ಮಾಡಿಕೊಂಡು ಹೋಗುವುದೂ ಒಳ್ಳೆಯದೇ. ಹಾಗೆ ಮಾಡಿದರೆ ಚಾಲಕರಿಗೂ ಲಾಡ್ಜಿನಲ್ಲಿ ಹಾಸಿಗೆ ಇರುವ ಕೋಣೆಯನ್ನು ನೀವೇ ಕಾಯ್ದಿರಿಸಬೇಕು. ಜಾತ್ರೆಯ ಬಯಲಿನಲ್ಲಿ ಕಾರಿನ ಸೀಟು ಹಿಂದಕ್ಕೆ ಬಾಗಿಸಿ, ಧ್ವನಿವರ್ಧಕಗಳ ಸದ್ದಿನ ನಡುವೆ ಮಲಗಿದ ಮನುಷ್ಯನಿಗೆ ಮರುದಿನ ಎಂಟೊಂಬತ್ತು ಗಂಟೆ ಓಡಿಸಿರೆಂದು ಹೇಳುವುದು ನ್ಯಾಯವಲ್ಲ.

ಹೊರಡುವ ವಾರದ ಮೊದಲೇ ಸ್ಟೆಪ್ನಿ ಸೇರಿದಂತೆ ಟೈರುಗಳ ಗಾಳಿ, ಬ್ರೇಕು, ಹೆಡ್‌ಲೈಟು, ವೈಪರು ಪರೀಕ್ಷಿಸಿ. ವಿಮೆ ಮತ್ತು ಹೊಗೆ ತಪಾಸಣೆಯ ಪತ್ರಗಳ ಅವಧಿ ನೋಡಿ. ಫಾಸ್ಟ್ಯಾಗ್‌ನಲ್ಲಿ ಹಣ ತುಂಬಿಸಿಡಿ. ಖರ್ಚಿಗೆ ಎಲ್ಲರೂ ಸಮನಾಗಿ ಹಣ ಹಾಕಿ ಒಬ್ಬರ ಕೈಯಲ್ಲಿ ಕೊಡುವುದು ಸರಳ ದಾರಿ. ಅದರಲ್ಲಿ ಒಂದು ಭಾಗವನ್ನು ಹತ್ತು, ಇಪ್ಪತ್ತು, ಐವತ್ತರ ನೋಟುಗಳಾಗಿ ಇಟ್ಟುಕೊಳ್ಳಿ. ಜಾತ್ರೆಯಲ್ಲಿ ಜನ ಸೇರಿದಷ್ಟೂ ಮೊಬೈಲ್ ಸಂಪರ್ಕ ಕುಂದುತ್ತದೆ, ಯುಪಿಐ ಪಾವತಿ ಅರ್ಧಕ್ಕೆ ನಿಲ್ಲುತ್ತದೆ. ಬುಟ್ಟಿ ಮುಂದಿಟ್ಟುಕೊಂಡು ಕುಳಿತ ಅಜ್ಜಿಗೆ ಐನೂರರ ನೋಟು ಕೊಟ್ಟು ಚಿಲ್ಲರೆಗೆ ಅಲೆಸುವುದು ಅವರ ವ್ಯಾಪಾರಕ್ಕೆ ಮಾಡುವ ನಷ್ಟ.

ಮೂರನೆಯದು: ಉಳಿಯುವ ಜಾಗ

ಬಾದಾಮಿ ಸಣ್ಣ ಪಟ್ಟಣ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಚಾಲುಕ್ಯ ಮತ್ತು ಬಸ್ ನಿಲ್ದಾಣದ ಸುತ್ತಮುತ್ತಲಿನ ಲಾಡ್ಜುಗಳು ಜಾತ್ರೆಯ ವಾರಾಂತ್ಯಗಳಲ್ಲಿ ಬೇಗ ತುಂಬುತ್ತವೆ. ಜನವರಿ ತಿಂಗಳು ಗುಹಾಂತರ ದೇವಾಲಯಗಳನ್ನು ನೋಡಲು ಬರುವ ಪ್ರವಾಸಿಗರ ಕಾಲವೂ ಹೌದು. ಆದ್ದರಿಂದ ತಿಂಗಳ ಮೊದಲೇ ಕೋಣೆ ಹಿಡಿಯಿರಿ, ಹೊರಡುವ ಎರಡು ದಿನ ಮುಂಚೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ನಾಟಕ ಮುಗಿಸಿ ತಡವಾಗಿ ಬರುವುದಾಗಿ ಆಗಲೇ ಹೇಳಿಬಿಟ್ಟರೆ ಅಪರಾತ್ರಿಯಲ್ಲಿ ಬಾಗಿಲು ತಟ್ಟಿ ನಿಲ್ಲುವ ಪ್ರಸಂಗ ಬರುವುದಿಲ್ಲ. ಬಾದಾಮಿಯಲ್ಲಿ ಸಿಗದಿದ್ದರೆ ಗುಳೇದಗುಡ್ಡ, ಬಾಗಲಕೋಟೆ, ಗಜೇಂದ್ರಗಡಗಳಲ್ಲಿ ವಿಚಾರಿಸಬಹುದು. ಬಾಗಲಕೋಟೆ ಸುಮಾರು 40 ಕಿ.ಮೀ. ದೂರವಿದೆ. ಅಲ್ಲಿ ಉಳಿಯುವುದಾದರೆ ರಾತ್ರಿಯ ಎರಡನೆಯ ನಾಟಕದ ಆಸೆ ಬಿಡುವುದೇ ಸರಿ.

ನಾಲ್ಕನೆಯದು: ದಾರಿ

ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು ಹಾದು ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48. ಅಲ್ಲಿಗೆ ಸುಮಾರು 200 ಕಿ.ಮೀ. ಚಿತ್ರದುರ್ಗದಲ್ಲಿ ಹೆದ್ದಾರಿ 50ಕ್ಕೆ ತಿರುಗಿ ಕೂಡ್ಲಿಗಿ, ಹೊಸಪೇಟೆ ದಾಟಿ, ತುಂಗಭದ್ರೆಯ ಮೇಲೆ ಹಾದು ಕುಷ್ಟಗಿಗೆ ಬನ್ನಿ. ಅಲ್ಲಿಂದ ಗಜೇಂದ್ರಗಡದ ಮಾರ್ಗವಾಗಿ ಬಾದಾಮಿ. ಒಟ್ಟು ಸುಮಾರು 450 ಕಿ.ಮೀ., ಊಟ ತಿಂಡಿಯ ನಿಲುಗಡೆ ಸೇರಿ ಒಂಬತ್ತು ಗಂಟೆಯಾದರೂ ಬೇಕು. ಹುಬ್ಬಳ್ಳಿಯವರೆಗೆ ಹೋಗಿ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮೂಲಕ ಬರುವ ದಾರಿಯೂ ಉಂಟು. ಅದು ಸುತ್ತು. ಹುಬ್ಬಳ್ಳಿ ಧಾರವಾಡದಲ್ಲಿ ಜೊತೆಗಾರರು ಸೇರಿಕೊಳ್ಳುವುದಿದ್ದರೆ ಮಾತ್ರ ಆ ದಾರಿ ಸರಿ.

ಶುಕ್ರವಾರ ಕಚೇರಿ ಮುಗಿಸಿ ಹೊರಟು ರಾತ್ರಿಯಿಡೀ ಓಡಿಸಿ ಬೆಳಗ್ಗೆ ಬಾದಾಮಿ ಸೇರುವ ಯೋಜನೆಯನ್ನು ಗೆಳೆಯರ ಗುಂಪಿನಲ್ಲಿ ಯಾರಾದರೂ ಒಬ್ಬರು ಖಂಡಿತ ಮುಂದಿಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಮರುದಿನದ ರಾತ್ರಿ ಹೇಗೂ ನಿದ್ದೆ ಕೆಡುತ್ತದೆ. ಎರಡು ರಾತ್ರಿ ಸಾಲಾಗಿ ನಿದ್ದೆಗೆಟ್ಟವರು ಭಾನುವಾರ ಹೆದ್ದಾರಿಯಲ್ಲಿ ಸ್ಟಿಯರಿಂಗ್ ಹಿಡಿಯಬಾರದು. ಅದರ ಬದಲು ಶುಕ್ರವಾರ ಸಂಜೆ ಹೊರಟು ಚಿತ್ರದುರ್ಗದಲ್ಲಿ ಮಲಗಿ. ಶನಿವಾರ ಬೆಳಗ್ಗೆ ಆರಕ್ಕೆ ಎದ್ದು ಹೊರಟರೆ ಮಧ್ಯಾಹ್ನದೊಳಗೆ ಬಾದಾಮಿ. ಸ್ನಾನ, ಎರಡು ಗಂಟೆಯ ನಿದ್ದೆ ಮುಗಿಸಿ ಬಿಸಿಲಿಳಿಯುವ ಹೊತ್ತಿಗೆ ಜಾತ್ರೆಯಲ್ಲಿರಬಹುದು.

ಕುಷ್ಟಗಿಯಿಂದಾಚೆಗೆ ರಸ್ತೆಯ ಸ್ವಭಾವವೇ ಬೇರೆ. ಜನವರಿ ಸುಗ್ಗಿಯ ಕಾಲ. ರೈತರು ಕೊಯ್ದ ಬೆಳೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿರುತ್ತಾರೆ. ಅದರ ಮೇಲೆ ಜೋರಾಗಿ ಹಾಯಿಸಿದರೆ ಚಕ್ರ ಜಾರುತ್ತದೆ, ತಿರುವಿನಲ್ಲಂತೂ ಬಹಳ ಅಪಾಯ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಾಗುತ್ತವೆ, ಅನೇಕವುಗಳ ಹಿಂದೆ ದೀಪವೂ ಇರುವುದಿಲ್ಲ, ಹೊಳೆಯುವ ಪಟ್ಟಿಯೂ ಇರುವುದಿಲ್ಲ. ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಾದರೆ ಪಾದಯಾತ್ರಿಗಳು ರಾತ್ರಿಯೆಲ್ಲ ರಸ್ತೆಯಂಚಿನಲ್ಲಿ ಗುಂಪುಗುಂಪಾಗಿ ನಡೆಯುತ್ತಿರುತ್ತಾರೆ, ಅವರೊಡನೆ ಮಕ್ಕಳೂ ಇರುತ್ತಾರೆ. ಈ ಮೂರೂ ಕಾರಣಗಳಿಂದ ಕುಷ್ಟಗಿ ಮತ್ತು ಬಾದಾಮಿಯ ನಡುವಿನ ದಾರಿಯನ್ನು ಹಗಲು ಹೊತ್ತಿನಲ್ಲೇ ಮುಗಿಸಬೇಕು ಎಂಬುದನ್ನು ನಿಯಮವೆಂದೇ ಇಟ್ಟುಕೊಳ್ಳಿ.

ಐದನೆಯದು: ಕಾರನ್ನು ಲಾಡ್ಜಿನಲ್ಲೇ ಬಿಡಿ

ಬಾದಾಮಿಯಿಂದ ಬನಶಂಕರಿಗೆ ಜಾತ್ರೆಯ ಕಾಲದಲ್ಲಿ ಸಾರಿಗೆ ಸಂಸ್ಥೆಯ ವಿಶೇಷ ಬಸ್ಸುಗಳು ಓಡುತ್ತವೆ, ಟಂಟಂಗಳೂ ಆಟೋಗಳೂ ಸಿಗುತ್ತವೆ. 5 ಕಿ.ಮೀ. ದಾರಿಗೆ ಸ್ವಂತ ಕಾರು ತೆಗೆದುಕೊಂಡು ಹೋದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಒಂದು ಗಂಟೆ ಹೋಗುತ್ತದೆ. ರಾತ್ರಿ ಹೊರಡುವಾಗ ಮುಂದೆ ನಿಂತ ವಾಹನದವರು ನಾಟಕ ಮುಗಿಸಿ ಬರುವವರೆಗೆ ಕಾಯಬೇಕಾಗುತ್ತದೆ. ರಾತ್ರಿ ಮರಳಲು ವಾಹನ ಎಷ್ಟು ಹೊತ್ತಿನವರೆಗೆ ಸಿಗುತ್ತದೆ ಎಂಬುದನ್ನು ಇಳಿದ ಕೂಡಲೇ ಕಂಡಕ್ಟರ್ ಬಳಿ ಕೇಳಿಟ್ಟುಕೊಳ್ಳಿ.

ಹಗಲು ಬಿಸಿಲು 30 ಡಿಗ್ರಿಯ ಹತ್ತಿರ ಬರುತ್ತದೆ, ಬೆಳಗಿನ ಜಾವ ಚಳಿ ಮೈ ಕೊರೆಯುತ್ತದೆ. ಹಗಲಿಗೆ ಹತ್ತಿ ಬಟ್ಟೆ, ರಾತ್ರಿಗೆ ಸ್ವೆಟರ್ ಅಥವಾ ಶಾಲು, ಧೂಳಿಗೆ ಮೂಗು ಮುಚ್ಚುವ ಒಂದು ವಸ್ತ್ರ, ನಡೆಯಲು ಹಳೆಯ ಚಪ್ಪಲಿ, ಪ್ರತಿಯೊಬ್ಬರಿಗೂ ಒಂದು ನೀರಿನ ಬಾಟಲಿ ಇರಲಿ. ಧೂಳಿನಿಂದ ಉಬ್ಬಸ ಬರುವವರು ತಮ್ಮ ಔಷಧಿಯನ್ನು ಕಾರಿನಲ್ಲಿ ಬಿಡದೆ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಶೌಚಾಲಯದ ವಿಷಯದಲ್ಲಿ ಮುಜುಗರ ಬೇಡ. ಜಾತ್ರೆಯಲ್ಲಿ ತಾತ್ಕಾಲಿಕ ವ್ಯವಸ್ಥೆ ಇದ್ದರೂ ಅದು ಜನಸಂಖ್ಯೆಗೆ ಸಾಲುವುದಿಲ್ಲ, ಹೆಣ್ಣುಮಕ್ಕಳಿಗೆ ಇದು ಹೆಚ್ಚು ಕಷ್ಟ. ಲಾಡ್ಜಿನಿಂದ ಹೊರಡುವ ಮೊದಲು ಎಲ್ಲರೂ ಮುಗಿಸಿಕೊಂಡು, ಸಂಜೆ ಮತ್ತು ರಾತ್ರಿಯ ನಡುವೆ ಒಮ್ಮೆ ಕೋಣೆಗೆ ಬಂದು ಹೋಗುವಂತೆ ಯೋಜಿಸಿಕೊಂಡರೆ ವಿಶ್ರಾಂತಿಯೂ ಸಿಗುತ್ತದೆ.

ಬಸ್ಸಿಳಿದ ಮೇಲೆ ಮೊದಲ ಕೆಲಸ, ಒಬ್ಬರಿಂದೊಬ್ಬರು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂಬುದನ್ನು ಗೊತ್ತುಮಾಡಿಕೊಳ್ಳುವುದು. ಹೊಂಡದ ದಂಡೆಯ ಮೇಲಿರುವ ದೀಪಸ್ತಂಭದ ಗೋಪುರ ದೂರದಿಂದಲೇ ಕಾಣುವುದರಿಂದ ಅದೇ ಒಳ್ಳೆಯ ಗುರುತು.

ಆರನೆಯದು: ದರ್ಶನ, ಹೊಂಡ, ಬುಟ್ಟಿಯ ರೊಟ್ಟಿ

ದೇವಸ್ಥಾನದ ಎದುರಿಗೆ ಕಲ್ಲಿನ ಮಂಟಪಸಾಲು ಸುತ್ತುವರಿದ ವಿಶಾಲವಾದ ಚೌಕಾಕಾರದ ಹೊಂಡವಿದೆ; ಅದೇ ಹರಿದ್ರಾತೀರ್ಥ. ಮಳೆ ಚೆನ್ನಾಗಿ ಆದ ವರ್ಷ ನೀರು ತುಂಬಿ ನಿಂತಿರುತ್ತದೆ, ಬರದ ವರ್ಷ ಒಣಗುವುದೂ ಉಂಟು. ಒಳಗೆ ಸಿಂಹವಾಹಿನಿಯಾದ, ಎಂಟು ಕೈಗಳ ಕಪ್ಪುಶಿಲೆಯ ದೇವಿ. ಕರ್ನಾಟಕದ ಮತ್ತು ಮಹಾರಾಷ್ಟ್ರದ ಅನೇಕ ಮನೆತನಗಳಿಗೆ, ಅದರಲ್ಲೂ ನೇಕಾರ ಕುಟುಂಬಗಳಿಗೆ, ಈಕೆ ಕುಲದೇವತೆ. ವರ್ಷಕ್ಕೊಮ್ಮೆ ಹರಕೆ ತೀರಿಸಲು ಮಕ್ಕಳು ಮರಿಗಳೊಡನೆ ಬಂದವರ ಸರದಿಯಲ್ಲಿ ನೀವೂ ನಿಂತಿರುತ್ತೀರಿ. ಮೊಬೈಲು ಎತ್ತಿ ಅವರ ಮುಖದ ಮುಂದೆ ವಿಡಿಯೋ ತೆಗೆಯುವುದು ಬೇಡ. ಭಾನುವಾರ ಬೆಳಗ್ಗೆ ದರ್ಶನಕ್ಕೆ ಹೋಗುವುದು ಅನುಕೂಲ, ಶನಿವಾರದ ಸಂಜೆಯನ್ನು ಜಾತ್ರೆಗೇ ಬಿಟ್ಟುಕೊಡಿ.

ಹೊಂಡದ ಸುತ್ತಲೂ ಇಳಕಲ್ ಸೀರೆಯುಟ್ಟ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ತಿರುಗುತ್ತಿರುತ್ತಾರೆ. ಊಟಕ್ಕೆ ಹೋಟೆಲ್ ಹುಡುಕಬೇಕಾಗಿಲ್ಲ, ಅವರನ್ನು ಕರೆದರೆ ಸಾಕು. ಸುತ್ತಲಿನ ಹಳ್ಳಿಗಳಿಂದ ಬೆಳಗ್ಗೆ ಎದ್ದು ಅಡುಗೆ ಮಾಡಿಕೊಂಡು ಬರುವ ಇವರ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಮಡಿಕೆ ಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ ಮತ್ತು ಮಣ್ಣಿನ ಪುಟ್ಟ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರು ಇರುತ್ತವೆ. ಮರದ ನೆರಳು ಹುಡುಕಿ ಕುಳಿತು, “ಯವ್ವಾ, ಊಟ ಹಾಕ್ರಿ” ಎಂದು ಕರೆಯಿರಿ. ರೊಟ್ಟಿಯ ಮೇಲೆಯೇ ಪಲ್ಯ, ಚಟ್ನಿ, ಮೊಸರು ಬೀಳುತ್ತದೆ. ಆ ರೊಟ್ಟಿಯೇ ತಟ್ಟೆ. ಮೊದಲು ಒಂದು ರೊಟ್ಟಿ ತಿಂದು ನೋಡಿ, ಆಮೇಲೆ ಇನ್ನೊಂದು ಕೇಳಿ. ಖಾರ ಹೆಚ್ಚಾದರೆ ಮೊಸರು ಬೆರೆಸಿಕೊಳ್ಳಬಹುದು. ದರವನ್ನು ಊಟಕ್ಕೆ ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಚೌಕಾಸಿ ಮಾಡಬೇಡಿ. ರೊಟ್ಟಿ ಬಡಿಯುವ ಕೆಲಸ ಎಷ್ಟು ಕಷ್ಟದ್ದೆಂದು ಬಲ್ಲವರಿಗೆ ಆ ದರ ಎಂದೂ ಹೆಚ್ಚೆನಿಸದು.

ನಾನು ಕಂಡಂತೆ ಪಟ್ಟಣದಿಂದ ಬಂದವರು ಇಲ್ಲಿ ಮಾಡುವ ಒಂದು ಅನ್ಯಾಯವೆಂದರೆ ಅರ್ಧ ತಿಂದು ಎದ್ದುಬಿಡುವುದು. ನಾಲ್ವರು ಸೇರಿ ಎರಡು ಊಟ ತೆಗೆದುಕೊಂಡು ಹಂಚಿಕೊಳ್ಳಿ, ಸಾಲದಿದ್ದರೆ ಮತ್ತೆ ಕೇಳಿ. ಖಾಲಿ ಗಡಿಗೆಯನ್ನು ಹೊಂಡಕ್ಕೆ ಎಸೆಯದೆ ಅವರಿಗೇ ಮರಳಿಸಿ. ನೀರಿನ ಬಾಟಲಿ, ಪ್ಲಾಸ್ಟಿಕ್ ಹಾಳೆಗಳನ್ನು ಹಾಕಿಕೊಳ್ಳಲು ಒಂದು ಚೀಲವನ್ನು ಜೊತೆಯಲ್ಲಿ ಒಯ್ದು, ಲಾಡ್ಜಿನ ಕಸದ ಬುಟ್ಟಿಗೆ ಸುರಿಯಿರಿ. ಸಂಜೆಗೆ ಮಿರ್ಚಿ ಭಜಿ, ಗಿರಮಿಟ್ಟು, ಜಿಲೇಬಿಯ ಅಂಗಡಿಗಳಿವೆ. ಎಣ್ಣೆಯಿಂದ ಆಗಲೇ ತೆಗೆದದ್ದನ್ನು ಮಾತ್ರ ತಿನ್ನಿ, ತೆರೆದಿಟ್ಟ ಹಣ್ಣಿನ ಹೋಳುಗಳಿಂದ ದೂರವಿರಿ.

ಏಳನೆಯದು: ಸಂತೆಯ ಬೀದಿಗಳು

ಈ ಜಾತ್ರೆಯಲ್ಲಿ ಬೇರೆಲ್ಲೂ ಅಷ್ಟಾಗಿ ಕಾಣದ ಒಂದು ವ್ಯಾಪಾರವಿದೆ. ಅದು ಮರದ ಬಾಗಿಲು ಮತ್ತು ಚೌಕಟ್ಟುಗಳದು. ಕೆತ್ತನೆಯ ಹೊಸ್ತಿಲು ಬಾಗಿಲುಗಳು ಬಯಲಿನಲ್ಲಿ ಸಾಲಾಗಿ ನಿಂತಿರುತ್ತವೆ. ಹೊಸ ಮನೆ ಕಟ್ಟಿಸುವವರು ತಲೆಬಾಗಿಲನ್ನು ಇಲ್ಲಿಂದಲೇ ಒಯ್ಯಬೇಕೆಂದು ಜಾತ್ರೆಗೆ ಕಾಯುತ್ತಾರೆ. ಮನೆಯ ಹಿರಿಯರು ಚೌಕಟ್ಟನ್ನು ಬೆರಳಿನಿಂದ ತಟ್ಟಿ, ಮೂಸಿ, ಗೆಣ್ಣು ನೋಡಿ ಆರಿಸುವುದನ್ನು ಅರ್ಧ ಗಂಟೆ ನಿಂತು ನೋಡಿ. ಕೊಳ್ಳುವ ಉದ್ದೇಶವಿಲ್ಲದಿದ್ದರೆ ದರ ಕೇಳಿ ವ್ಯಾಪಾರಿಯ ಸಮಯ ಹಾಳುಮಾಡಬಾರದು. ಮರದ ಜಾತಿಯ ಬಗ್ಗೆ, ಕೆತ್ತನೆಯ ಬಗ್ಗೆ ಕೇಳಿದರೆ ಬಿಡುವಿದ್ದವರು ಸಂತೋಷದಿಂದಲೇ ಹೇಳುತ್ತಾರೆ.

ಬಟ್ಟೆ ಕೊಳ್ಳುವುದಾದರೆ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ ಈ ನೆಲದ ನೇಯ್ಗೆಗಳು. ಜಾತ್ರೆಯಲ್ಲಿ ಯಂತ್ರದ ಅಗ್ಗದ ಬಟ್ಟೆಗಳೂ ಅದೇ ಹೆಸರಿನಲ್ಲಿ ಮಾರಾಟವಾಗಬಹುದು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿಯಂತೆ ಒಂದಕ್ಕೊಂದು ಸಿಕ್ಕಿಸಿ ನೇಯುತ್ತಾರೆ, ಸೆರಗಿನಲ್ಲಿ ತೋಪು ತೆನಿಯ ಕೆಂಪು ಬಿಳಿ ವಿನ್ಯಾಸವಿರುತ್ತದೆ. ಸೆರಗು ಶುರುವಾಗುವ ಜಾಗವನ್ನು ತಿರುಗಿಸಿ ಆ ಕೊಂಡಿಯ ಸಾಲು ನೋಡಿ. ನಿಶ್ಚಯವಾಗದಿದ್ದರೆ ಕೊಳ್ಳುವುದನ್ನು ಮರುದಿನ ಮರಳುವ ದಾರಿಗೆ ಮುಂದೂಡಿ; ಪಟ್ಟದಕಲ್ಲು, ಐಹೊಳೆಯ ಕಡೆಯಿಂದ ಮರಳಿದರೆ ಇಳಕಲ್ ಅದೇ ದಾರಿಯಲ್ಲಿ ಸಿಗುತ್ತದೆ.

ಎಂಟನೆಯದು: ರಾತ್ರಿಯ ನಾಟಕ

ನಾಟಕ ನೋಡದೆ ಬಂದರೆ ಬನಶಂಕರಿ ಜಾತ್ರೆ ನೋಡಿದಂತಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿ ವರ್ಷದಲ್ಲಿ ಒಮ್ಮೆ ಹೀಗೆ ಒಂದೇ ಬಯಲಿನಲ್ಲಿ ನೆರೆಯುತ್ತದೆ. ತಗಡು ಮತ್ತು ಬಟ್ಟೆಯಿಂದ ಕಟ್ಟಿದ ರಂಗಮಂದಿರಗಳು ಒಂದರ ಪಕ್ಕ ಒಂದು ನಿಂತು, ಪ್ರತಿಯೊಂದೂ ತನ್ನ ನಾಟಕದ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತಿರುತ್ತದೆ. ಸಂಜೆ ಶುರುವಾದ ಪ್ರಯೋಗ ಮುಗಿಯುವಷ್ಟರಲ್ಲಿ ಮುಂದಿನ ಪ್ರಯೋಗಕ್ಕೆ ಟಿಕೆಟು ಕೊಡಲು ಆರಂಭಿಸಿರುತ್ತಾರೆ. ಜನ ಹೆಚ್ಚಿದ್ದ ದಿನ ಇದು ಬೆಳಗಿನ ಜಾವದವರೆಗೂ ಸಾಗುತ್ತದೆ. ಹಳ್ಳಿಗಳಿಂದ ಬಂದವರು ಒಂದು ಮುಗಿಸಿ ಇನ್ನೊಂದಕ್ಕೆ ಹೋಗಿ, ನಾಟಕದ ಬಯಲಿನಲ್ಲೇ ರಾತ್ರಿ ಕಳೆದು ಬೆಳಗ್ಗೆ ಮೊದಲ ಬಸ್ಸು ಹಿಡಿಯುತ್ತಾರೆ.

ಯಾವ ನಾಟಕಕ್ಕೆ ಹೋಗಬೇಕೆಂದು ಆರಿಸಲು ಸಂಜೆ ಒಂದು ಸುತ್ತು ಹಾಕಿ ಎಲ್ಲ ಕಂಪನಿಗಳ ಬೋರ್ಡುಗಳನ್ನು ಓದಿ. ಇತ್ತೀಚಿನ ಹಲವು ನಾಟಕಗಳು ಹಾಸ್ಯವನ್ನೇ ನಂಬಿಕೊಂಡಿವೆ, ಕೆಲವುಗಳಲ್ಲಿ ದ್ವಂದ್ವಾರ್ಥದ ಮಾತು ಹೆಚ್ಚು. ಸಾಮಾಜಿಕ, ಪೌರಾಣಿಕ ಅಥವಾ ಸಂಗೀತ ಪ್ರಧಾನ ನಾಟಕ ಬೇಕೆನ್ನುವವರು ಚಹಾ ಅಂಗಡಿಯಲ್ಲಿ ಕುಳಿತ ಹಿರಿಯರನ್ನು ಕೇಳಬೇಕು. ಯಾವ ಕಂಪನಿಯಲ್ಲಿ ಯಾವ ನಟ ಚೆನ್ನಾಗಿ ಮಾಡುತ್ತಾನೆ, ಯಾರ ಹಾಡು ಕೇಳುವಂತಿದೆ ಎಂಬುದನ್ನು ಅವರಷ್ಟು ನಿಖರವಾಗಿ ಹೇಳುವವರು ಬೇರೊಬ್ಬರಿಲ್ಲ. ಟಿಕೆಟಿನಲ್ಲಿ ಮುಂದಿನ ಕುರ್ಚಿ, ಹಿಂದಿನ ಕುರ್ಚಿ ಎಂಬ ದರ್ಜೆಗಳಿರುತ್ತವೆ. ನಟರ ಮುಖಭಾವವೂ ವಾದ್ಯದವರ ಕೈಚಳಕವೂ ಕಾಣಬೇಕೆಂದರೆ ಮುಂದಿನದನ್ನೇ ಕೊಳ್ಳಿ. ಧ್ವನಿವರ್ಧಕಗಳು ಎರಡೂ ಬದಿಯಲ್ಲಿರುವುದರಿಂದ ಅಂಚಿನ ಕುರ್ಚಿಗಳಿಗಿಂತ ನಡುವಿನವು ಮೇಲು.

ಈ ಟಿಕೆಟಿನ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ತಿಳಿದಿರಬೇಕು. ಕಂಪನಿಯೊಂದರಲ್ಲಿ ನಟ ನಟಿಯರಲ್ಲದೆ ಹಾರ್ಮೋನಿಯಂ, ತಬಲಾ ನುಡಿಸುವವರು, ಪರದೆ ಎಳೆಯುವವರು, ದೀಪದವರು, ಅಡುಗೆಯವರು, ಅವರ ಮಕ್ಕಳು ಎಲ್ಲರೂ ರಂಗಮಂದಿರದ ಹಿಂದಿನ ಬಿಡಾರಗಳಲ್ಲೇ ಬದುಕುತ್ತಾರೆ. ಬನಶಂಕರಿಯ ಗಳಿಕೆಯಿಂದ ಹಳೆಯ ಸಾಲ ತೀರಿಸಿ ಮುಂದಿನ ಊರಿನ ಕ್ಯಾಂಪಿಗೆ ಹೊರಡುವ ಕಂಪನಿಗಳು ಅನೇಕ. ಕೋವಿಡ್ ಕಾಲದಲ್ಲಿ ಜಾತ್ರೆ ನಿಂತಾಗ ಈ ಕಲಾವಿದರು ಪಟ್ಟ ಪಾಡು ಸಣ್ಣದಲ್ಲ. ಆದ್ದರಿಂದ ಪ್ರತಿಯೊಬ್ಬರೂ ಟಿಕೆಟು ಕೊಂಡೇ ಒಳಗೆ ಹೋಗಿ, ನಾಟಕವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚಬೇಡಿ. ಹಾಡೋ ಸಂಭಾಷಣೆಯೋ ಮನಸ್ಸಿಗೆ ಹಿಡಿಸಿದರೆ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಹಾಡಲು ಕೇಳುವವರ ಜೊತೆ ನೀವೂ ದನಿಗೂಡಿಸಿ. ನಟಿಯರ ಪ್ರವೇಶಕ್ಕೆ ಸಿಳ್ಳೆ ಹೊಡೆದು ಕೂಗುವ ಗುಂಪಿನಲ್ಲಿ ಮಾತ್ರ ಸೇರಬೇಡಿ; ಅದು ದುಡಿದು ತಿನ್ನುವ ಕಲಾವಿದೆಗೆ ಮಾಡುವ ಅವಮಾನ.

ಗುಂಪಿನಲ್ಲಿ ಮರುದಿನ ಮೊದಲು ಕಾರು ಓಡಿಸುವವರು ಒಂದೇ ನಾಟಕ ನೋಡಿ ಮಲಗಲು ಹೋಗಬೇಕು. ಅವರನ್ನು ಒಬ್ಬರನ್ನೇ ಕಳಿಸದೆ ಇನ್ನೊಬ್ಬರು ಜೊತೆಗೆ ಹೋಗಲಿ. ಉಳಿದವರು ಎರಡನೆಯ ಪ್ರಯೋಗ ನೋಡುವುದಾದರೆ ಎಲ್ಲರೂ ಒಟ್ಟಿಗೇ ಇದ್ದು ಒಟ್ಟಿಗೇ ಮರಳಬೇಕು. ಮದ್ಯವನ್ನು ಈ ಪಯಣದಿಂದ ಪೂರ್ತಿ ಹೊರಗಿಡಿ. ಕುಟುಂಬಗಳು, ಹರಕೆಯವರು, ಮಕ್ಕಳು ತುಂಬಿದ ಜಾಗದಲ್ಲಿ ಕುಡಿದು ಓಡಾಡುವುದು ಆತಿಥ್ಯ ಕೊಟ್ಟ ಊರಿಗೆ ಮಾಡುವ ದ್ರೋಹ.

ಒಂಬತ್ತನೆಯದು: ಭಾನುವಾರ ಏನು ನೋಡಬೇಕು, ಏನು ಬಿಡಬೇಕು

ಬಾದಾಮಿಗೆ ಬಂದ ಮೇಲೆ ಗುಹೆಗಳು, ಭೂತನಾಥ ದೇವಾಲಯ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆ ಸಹಜ. ಒಂದೇ ಭಾನುವಾರದಲ್ಲಿ ಇವನ್ನೆಲ್ಲ ಮುಗಿಸಹೊರಟರೆ ಒಂದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಬೆಳಗ್ಗೆ ಬನಶಂಕರಿಯ ದರ್ಶನ ಮುಗಿದ ಮೇಲೆ ಒಂದನ್ನು ಮಾತ್ರ ಆರಿಸಿ. ಗುಹೆಗಳಿಗೆ ಹೋಗುವುದಾದರೆ ಮೂರನೆಯ ಗುಹೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ. ಶಕ ವರ್ಷ 500, ಅಂದರೆ ಕ್ರಿ.ಶ. 578ರ ಮಂಗಳೇಶನ ಶಾಸನವಿರುವುದರಿಂದ ಅದರ ಕಾಲ ಖಚಿತವಾಗಿ ಗೊತ್ತಿದೆ. ಅಲ್ಲಿ ಮಂಗಗಳ ಕಾಟ ಬಹಳ, ತಿನಿಸಿನ ಪೊಟ್ಟಣ ಕೈಯಲ್ಲಿ ಕಾಣದಿರಲಿ.

ಮರಳುವ ದಾರಿಯ ದೃಷ್ಟಿಯಿಂದ ನೋಡಿದರೆ ಪಟ್ಟದಕಲ್ಲು ಹೆಚ್ಚು ಅನುಕೂಲ. ಬಾದಾಮಿಯಿಂದ ಸುಮಾರು 22 ಕಿ.ಮೀ. ದೂರದಲ್ಲಿ ಮಲಪ್ರಭೆಯ ದಡದಲ್ಲಿರುವ ಈ ದೇವಾಲಯಗಳ ಸಮೂಹ 1987ರಿಂದ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಕಂಚಿಯ ಪಲ್ಲವರ ಮೇಲೆ ಎರಡನೆಯ ವಿಕ್ರಮಾದಿತ್ಯ ಸಾಧಿಸಿದ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವೊಂದನ್ನೇ ನಿಧಾನವಾಗಿ ನೋಡಿದರೂ ಸಾರ್ಥಕ. ಅಲ್ಲಿಂದ ಐಹೊಳೆಯನ್ನು ಹಾದು ಅಮೀನಗಡಕ್ಕೆ ಬಂದು, ಹುನಗುಂದ, ಇಳಕಲ್ ಮೂಲಕ ಹೆದ್ದಾರಿ 50ನ್ನು ಸೇರಿದರೆ ಕುಷ್ಟಗಿ, ಹೊಸಪೇಟೆಯ ಹಳೆಯ ದಾರಿಯೇ ಸಿಗುತ್ತದೆ. ಇದು ಸ್ವಲ್ಪ ಸುತ್ತಾದರೂ ಅಮೀನಗಡದ ಕರದಂಟನ್ನು ಅದು ತಯಾರಾಗುವ ಊರಿನಲ್ಲೇ ಕೊಳ್ಳಬಹುದು. ಅಂಟು, ಒಣಕೊಬ್ಬರಿ, ಗೋಡಂಬಿ, ಬೆಲ್ಲದ ಈ ಸಿಹಿ ಹಲವು ದಿನ ಕೆಡುವುದಿಲ್ಲ, ಮನೆಯವರಿಗೆ ಒಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ.

ಹತ್ತನೆಯದು: ಮರಳುವುದು

ಸೋಮವಾರ ರಜೆ ಇಲ್ಲದವರು ಪಟ್ಟದಕಲ್ಲನ್ನೂ ಬಿಟ್ಟು, ಬಂದ ದಾರಿಯಲ್ಲೇ ಭಾನುವಾರ ಹನ್ನೊಂದರೊಳಗೆ ಹೊರಟುಬಿಡಬೇಕು. ಹಾಗೆ ಹೊರಟರೆ ಕತ್ತಲಾಗುವ ವೇಳೆಗೆ ಚಿತ್ರದುರ್ಗ ದಾಟಿ ಅಗಲವಾದ ಹೆದ್ದಾರಿಯಲ್ಲಿರುತ್ತೀರಿ. ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಬೇಕು, ಮುಂದಿನ ಸೀಟಿನಲ್ಲಿ ಕುಳಿತವರು ನಿದ್ದೆ ಮಾಡಬಾರದು. ಹಿಂದಿನ ರಾತ್ರಿ ನಿದ್ದೆ ಕಡಿಮೆಯಾದವರಿಗೆ ಮಧ್ಯಾಹ್ನದ ಊಟವಾದ ಮೇಲಿನ ಹೊತ್ತು ಹೆಚ್ಚು ಅಪಾಯದ್ದು. ಹೊಸಪೇಟೆಯ ಸುಮಾರಿಗೆ ಹಗುರವಾಗಿ ಉಂಡು, ಕಾರನ್ನು ರಸ್ತೆಯಂಚಿನಲ್ಲಿ ನಿಲ್ಲಿಸದೆ ಹೋಟೆಲಿನ ಆವರಣದೊಳಗೇ ನಿಲ್ಲಿಸಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಆಕಳಿಕೆ ನಿಲ್ಲದಿದ್ದರೆ ಚಹಾದಿಂದ ಅದನ್ನು ಗೆಲ್ಲಲು ಹೋಗಬೇಡಿ. ಚಿತ್ರದುರ್ಗದಲ್ಲೋ ಹಿರಿಯೂರಿನಲ್ಲೋ ಕೋಣೆ ಹಿಡಿದು ಮಲಗಿ, ಸೋಮವಾರ ನಸುಕಿನಲ್ಲಿ ಎದ್ದು ಹೊರಟರೆ ಕಚೇರಿಗೆ ತುಸು ತಡವಾಗಬಹುದು, ಅಷ್ಟೆ. ಭಾನುವಾರ ರಾತ್ರಿ ತುಮಕೂರಿನಿಂದ ನೆಲಮಂಗಲದವರೆಗೆ ವಾಹನ ದಟ್ಟಣೆ ಇರುವುದರಿಂದ ಆ ಭಾಗಕ್ಕೆ ಒಂದು ಗಂಟೆ ಹೆಚ್ಚು ಇಟ್ಟುಕೊಂಡೇ ಮನೆಯವರಿಗೆ ಸಮಯ ಹೇಳಿ. ಖರ್ಚಿನ ಲೆಕ್ಕವನ್ನು ದಾರಿಯಲ್ಲೇ, ಓಡಿಸದವರು ಕೂಡಿಸಿ ಮುಗಿಸಿ, ಉಳಿದ ಹಣವನ್ನು ಇಳಿಯುವ ಮೊದಲೇ ಹಂಚಿಕೊಂಡುಬಿಡಿ.